ಲಯದ ಮಾತು – 7: ಲೆಕ್ಕ ಇದೆ, ತಾಳ ಎಲ್ಲಿ?

ನಮ್ಮ ಕ್ಲಾಸ್ ಗ್ರೂಪಲ್ಲಿ ಓಡಾಡೋ ಮುಕ್ತಾಯಗಳ ಫೋಟೋ ನೋಡಿದೀರಲ್ಲ? "5-2-5-2-5, ಆದಿತಾಳ, ಸಮಕ್ಕೆ." ಅಷ್ಟೇ. ಕಟ್ಟಿದವರಿಗೆ ಇಷ್ಟು ಸಾಕು. ನಾಳೆ ಸಂಜೆ ಖಂಜಿರ ಹಿಡ್ಕೊಂಡು ವೇದಿಕೆ ಮೇಲೆ ಕೂರೋರಿಗೆ ಸಾಲಲ್ಲ ಅನ್ನೋದು ನನ್ನ ವಾದ.

ಲೆಕ್ಕ ಸರಿಯಾಗೇ ಇದೆ. ಒಟ್ಟು 19 ಮಾತ್ರೆ, ಚತುರಶ್ರ ನಡೆಯಲ್ಲಿ ಆವರ್ತಕ್ಕೆ 32, ಅಂದ್ರೆ 13 ಬಿಟ್ಟು ಎತ್ತಬೇಕು. ಆದ್ರೆ ನುಡಿಸೋರ ಪ್ರಶ್ನೆ ಬೇರೆ: ಎತ್ತುವಾಗ ನನ್ನ ತಾಳ ಎಲ್ಲಿರುತ್ತೆ? 4ನೇ ಅಕ್ಷರದಿಂದ, ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಒಡೆದು ಬರೆದು ನೋಡಿ:

, ತ ದಿ ಗಿ | ಣ ತೊಂ , , · ತ ದಿ ಗಿ ಣ | ತೊಂ , , ತ · ದಿ ಗಿ ಣ ತೊಂ ||

ಈಗ ಕಣ್ಣಿಗೇ ಕಾಣುತ್ತೆ. ಮಧ್ಯದ ಬೆರಳು ಮುಟ್ಟಿ ಒಂದು ಮಾತ್ರೆ ಆದ್ಮೇಲೆ ಮೊದಲ 'ತ'. ಎರಡನೇದು ನೇರ ಮೊದಲ ದ್ರುತದ ಹುಸಿ ಮೇಲೆ. ಮೂರನೇದು ಕೊನೆಯ ಹುಸಿಗೆ ಒಂದೇ ಮಾತ್ರೆ ಮುಂಚೆ. ದಾರಿ ತಪ್ಪಿದ್ರೂ ಎರಡನೇ 'ತ'ದಲ್ಲಿ ಹಿಡ್ಕೋಬಹುದು. ಅಂಕಿಗಳಲ್ಲಿ ಈ ಆಸರೆ ಕಾಣಲ್ಲ.

ಹೀಗೆ ಕತ್ತರಿಸಿದ್ರೆ ತದಿಗಿಣತೊಂ ಅನ್ನೋ ಆಕಾರವೇ ಹೋಗುತ್ತಲ್ಲ ಅಂತೀರಾ? ನಿಜ. ಸೊಲ್ಲು ಒಂದೇ, ಕಾಗದದ ಮೇಲೆ ಮೂರು ಮುಖ. ಅದಕ್ಕೇ ಪ್ರತಿ ಐದರ ಕೆಳಗೂ ಒಂದು ಗೆರೆ ಎಳೀರಿ. ಮೇಲೆ ಮಾತ್ರ ಬೇಡ, ನಮ್ಮ ಸ್ವರಲಿಪಿಯಲ್ಲಿ ಮೇಲುಗೆರೆ ಅಂದ್ರೆ ವೇಗ ದುಪ್ಪಟ್ಟು.

ಕಿವಿಯಿಂದ ಕಲೀಬೇಕು, ಹಾಳೆ ನೋಡಿ ಅಲ್ಲ ಅಂತಾರೆ ದೊಡ್ಡವರು. ಪಾಠದ ಮಟ್ಟಿಗೆ ಒಪ್ತೀನಿ. ಆದ್ರೆ ಕಾಲೇಜಿನ ಲಯವಾದ್ಯ ತಂಡಕ್ಕೆ ಸಿಗೋದು ಒಂದೋ ಎರಡೋ ರಿಹರ್ಸಲ್. ಹಾಳೆ ಅರ್ಥ ಆಗದಿದ್ರೆ ಅದೆಲ್ಲ ಲೆಕ್ಕ ಬಿಡಿಸೋದ್ರಲ್ಲೇ ಮುಗಿಯುತ್ತೆ, ಘಟದವರು ಮೃದಂಗ ಕೇಳಿಸ್ಕೊಳ್ಳೋದು ಯಾವಾಗ?

ಸ್ಟ್ರಾವಿನ್‌ಸ್ಕಿಯಂಥವರೇ 1913ರ 'ದ ರೈಟ್ ಆಫ್ ಸ್ಪ್ರಿಂಗ್'ನ ಕೊನೆಯ ನೃತ್ಯವನ್ನ 1943ರಲ್ಲಿ ಮತ್ತೆ ಬರೆದ್ರು. ಸಣ್ಣ ಬೆಲೆಯ ನೋಟುಗಳಲ್ಲಿ ಇದ್ದಿದ್ದನ್ನ ದುಪ್ಪಟ್ಟು ಬೆಲೆಯ ನೋಟುಗಳಿಗೆ ತಂದ್ರು, ಕಣ್ಣಿಗೆ ಹಗುರ ಆಯ್ತು. ನಮಗೇನು ಬಿಗುಮಾನ?

ಇನ್ನೊಂದು, ಟೈಪ್ ಮಾಡಿ ಕಳಿಸ್ಬೇಡಿ. ಬೇರೆಯವರ ಫೋನಲ್ಲಿ ಸಾಲು ಎಲ್ಲೆಲ್ಲೋ ಮುರಿಯುತ್ತೆ. (ಮೇಲಿನದೂ ಮುರಿದಿದ್ರೆ ಎರಡನೇ ಸ್ಲೈಡ್ ನೋಡಿ.) ಚೌಕಗಳಿರೋ ಗಣಿತದ ಪುಸ್ತಕ ತಗೊಳ್ಳಿ. ಚೌಕಕ್ಕೊಂದು ಮಾತ್ರೆ, ನಾಲ್ಕು ಚೌಕಕ್ಕೊಂದು ದಪ್ಪ ಗೆರೆ. ಕಾರ್ವೆಯ ಚೌಕವನ್ನೂ ಖಾಲಿ ಬಿಡದೆ ಅಲ್ಪವಿರಾಮ ಹಾಕಿ.

ಮುಂದಿನ ಪೋಸ್ಟ್: ಇದೇ ಮುಕ್ತಾಯ, ಖಂಡ ನಡೆಯಲ್ಲಿ. ಎಲ್ಲಿಂದ ಎತ್ತಬೇಕು ಅಂತ ಬರೆದು ಕಾಮೆಂಟಲ್ಲಿ ಹಾಕಿ.