ಆ ಕಾಗದದಾಗಿನ 75

ನಮ್ಮ ಓಣ್ಯಾಗ ಒಂದು ಮಾತು ಓಡ್ಯಾಡಾಕ ಹತ್ತೈತಿ: "ಆ ಹುಡುಗಿ ಐಕ್ಯೂ 75 ಅಂತ. ಇನ್ನ ಶಾಲಿ ಬಿಡಿಸಿ ಮನ್ಯಾಗ ಇಟ್ಗಂಡ್ರ ಚಲೋ." ಎಂಟು ವರ್ಷದ ಕೂಸು ಅದು. ಹಿಂಗ ಅನ್ನಾರು ಕೆಟ್ಟವ್ರಲ್ಲ, ನಮ್ಮ ನಿಮ್ಮಂಥಾ ಅಕ್ಕ-ತಂಗೇರ. ಆದ್ರ 75 ಎಲ್ಲಿಂದ ಬಂತು ಅಂದ್ರ ಯಾರಿಗೂ ಗೊತ್ತಿಲ್ಲ.

ಲೆಕ್ಕ ಸರಳ ಐತ್ರಿ. ನಮ್ಮ ಕಡಿ ಮಕ್ಕಳಿಗೆ ಮಾಡೋ ಬಿನೆ-ಕಾಮತ್ ಪರೀಕ್ಷಾದಾಗ ಒಂದೊಂದು ವಯಸ್ಸಿಗೆ ಇಷ್ಟಿಷ್ಟು ಪ್ರಶ್ನೆ ಇರ್ತಾವ. ಎಂಟು ವರ್ಷದ ಕೂಸು ಆರು ವರ್ಷದವ್ರ ಮಟ್ಟಕ್ಕ ಉತ್ತರ ಹೇಳಿದ್ರ, ಆರನ್ನ ಎಂಟರಿಂದ ಭಾಗಿಸಿ ನೂರರಿಂದ ಗುಣಿಸ್ತಾರ. 75 ಬಂತು. ಆವತ್ತು, ಆ ಪ್ರಶ್ನೆಗಳಿಗೆ, ಕೂಸು ಅಷ್ಟು ಹೇಳ್ತು ಅಂತ ಅರ್ಥ. ತಲಿ ತೂಗೋ ತಕ್ಕಡಿ ಅಲ್ಲ ಅದು.

ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಾಗ ಇದನ್ನ ಮಾಡಿದ್ದು ಯಾವ ಮಕ್ಕಳಿಗೆ ಹೆಚ್ಚು ಕಲಿಸಬೇಕು ಅಂತ ತಿಳ್ಕಳ್ಳಾಕ, ಶಾಲಿ ಬಿಡಸಾಕಲ್ಲ. ಕಲಿಸಿದ್ರ ಬುದ್ಧಿ ಬೆಳಿತೈತಿ ಅಂತ ಆತನ ಬರದಾನ. ಆಮ್ಯಾಲ ವಿ.ವಿ. ಕಾಮತ್ ಅವರು ಧಾರವಾಡದ ಕಡಿ ಕನ್ನಡ, ಮರಾಠಿ ಮಕ್ಕಳಿಗೆ ಅದನ್ನ ಹೊಂದಿಸಿ 1940ರಾಗ ಪುಸ್ತಕ ಹೊರತಂದ್ರು. ಪ್ಯಾರಿಸ್ಸಿನ ಪ್ರಶ್ನೆ ಇಲ್ಲಿ ಮಕ್ಕಳಿಗೆ ಹಂಗ ಹೊಂದಲ್ಲ ಅಂದ್ರ, ಮನ್ಯಾಗ ಲಂಬಾಣಿ ಮಾತಾಡೋ ಸಂಡೂರು ತಾಂಡಾದ ಕೂಸಿಗೆ ಪುಸ್ತಕದ ಕನ್ನಡದ ಪ್ರಶ್ನೆ ಹೆಂಗ ಹೊಂದ್ತಾವ?

ನಮ್ಮ ದರೋಜಿ ಈರಮ್ಮನ್ನ ನೆನಸ್ರಿ. ಅಕ್ಷರ ಬರ್ತಿರಲಿಲ್ಲ. ಬುರ್ರಕಥಾದ 12 ಕಾವ್ಯ ಬಾಯಾಗಿದ್ವು, ಅಚ್ಚು ಹಾಕಿದ್ರ 7,000 ಪುಟ ಆಗ್ತಾವಂತ. ಹಂಪಿ ಕನ್ನಡ ವಿಶ್ವವಿದ್ಯಾಲಯ ಆಕಿಗೆ ನಾಡೋಜ ಕೊಡ್ತು. 2014ರಾಗ ತೀರಿಕೊಂಡ್ಲು ಆ ತಾಯಿ. ಪರೀಕ್ಷಾದಾಗ ನಾಕಾರು ಅಂಕಿ ಹೇಳಿ "ತಿರುಗಿ ಹೇಳು" ಅಂತಾರ, ಅದೂ ನೆನಪಿನ ಶಕ್ತಿನ. ಆದ್ರ ಜನ ನೋಡಿ, ಎಲ್ಲಿ ನಗಿಸಬೇಕು, ಎಲ್ಲಿ ಅಳಿಸಬೇಕು ಅಂತ ತಿಳದು ಕಥಿ ಎಳಿಯೋ ಬುದ್ಧಿಗೆ ಯಾವ ಕಾಲಮ್ಮಿನ್ಯಾಗ ಮಾರ್ಕ್ಸ್ ಹಾಕ್ತಾರ?

ಹಂಗಂತ ಪರೀಕ್ಷಾನ ಬ್ಯಾಡ ಅನ್ನಾಕಿ ನಾನಲ್ಲ. ಸರ್ಟಿಫಿಕೇಟ್ ಇದ್ರ ಪಿಂಚಣಿ ಬರತೈತಿ, ಪರೀಕ್ಷಾದಾಗ ರಿಯಾಯ್ತಿ ಸಿಗತೈತಿ. ಖರೇನ ತೊಂದ್ರಿ ಇರೋ ಮಕ್ಕಳ ತಾಯಂದ್ರಿಗೆ ಅದು ದೊಡ್ಡ ಆಸರ. ಆದ್ರ ಬುದ್ಧಿಮಾಂದ್ಯ ಅನ್ನಾಕ ಐಕ್ಯೂ ಹೆಚ್ಚುಕಡಿಮಿ 70ರ ಕೆಳಗ ಇರಬೇಕು. ಅಷ್ಟ ಸಾಲಂಗಿಲ್ಲ, ಉಣ್ಣಾದು, ಉಡಾದು, ನಾಕು ಮಂದ್ಯಾಗ ಹೊಂದ್ಕಂಡು ಹೋಗಾದು ಇದನ್ನೂ ನೋಡಬೇಕು. 75ಕ್ಕ ಹಣೆಪಟ್ಟಿ ಹಚ್ಚಿದವ್ರು ಡಾಕ್ಟ್ರಲ್ಲ, ನಾವು. ಅದೂ ಹೆಣ್ಣುಕೂಸಿಗೆ ಭಾಳ ಲಗೂನ ಹಚ್ತೀವಿ. ಗಂಡುಹುಡುಗ ಆಗಿದ್ರ ಟ್ಯೂಷನ್ ಹುಡುಕ್ತಿದ್ವಿ.

ಅದಕ್ಕ ತಾಯಂದ್ರಾ, ಕಾಗದ ಕೈಗೆ ಬಂದಾಗ ಕೇಳ್ರಿ: ಮನಿ ಮಾತಿನ್ಯಾಗ ಕೇಳಿದ್ರೇನು? ಕಣ್ಣು, ಕಿವಿ ಮೊದ್ಲ ತೋರಿಸಿದ್ರೇನು? ಕೂಸು ಉಂಡಿತ್ತೇನು, ಹೆದರಿತ್ತೇನು? ಇನ್ನ ಏನು ಕಲಿಸಬೇಕು, ತಿರುಗಿ ಯಾವಾಗ ನೋಡ್ತೀರಿ? ಶಾಲಿ ಬಿಡಿಸ್ರಿ ಅಂತ ಯಾರರ ಅಂದ್ರ, 14 ವರ್ಷದ ತನಕ ಓದು ಕೂಸಿನ ಹಕ್ಕು, 2009ರ ಕಾಯ್ದೆ ಐತಿ ಅಂತ ಹೇಳ್ರಿ. ಮೆತ್ತಗ ಬ್ಯಾಡ, ಗಟ್ಟ್ಯಾಗಿ ಹೇಳ್ರಿ.