ಲಂಡನ್ನಿನ ಮೂರು ಗಂಟೆ, ಆಕ್ರಾದ ಮೂರು ಗಂಟೆ

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ೨-೪೫ರಿಂದ ೫-೧೫ರ ವರೆಗೆ, ಒಂದೆರಡು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಯಾವ ಟೆಲಿವಿಷನ್ ಕಂಪನಿಯೂ ಫುಟ್‌ಬಾಲ್ ಪಂದ್ಯವನ್ನು ನೇರವಾಗಿ ತೋರಿಸುವಂತಿಲ್ಲ. ಎಷ್ಟು ದೊಡ್ಡ ಕ್ಲಬ್ಬಿನ ಪಂದ್ಯವಾದರೂ ಅಷ್ಟೆ, ಎಷ್ಟು ಹಣ ಸುರಿಯುತ್ತೇನೆಂದರೂ ಅಷ್ಟೆ. ಹತ್ತಿ ಗಿರಣಿಗಳ ಊರಾದ ಬರ್ನ್ಲಿಯ ಕ್ಲಬ್ಬಿಗೆ ಅಧ್ಯಕ್ಷನಾಗಿದ್ದ ಬಾಬ್ ಲಾರ್ಡ್ ಎಂಬಾತನು ೧೯೬೦ರ ದಶಕದಲ್ಲಿ ಹಟ ಹಿಡಿದು ಮಾಡಿಸಿದ ಕಟ್ಟಳೆ ಇದು. ಆತನ ತರ್ಕ ಸರಳವಾಗಿತ್ತು. ಮ್ಯಾಂಚೆಸ್ಟರಿನ ಆಟವನ್ನು ಮನೆಯ ಕುರ್ಚಿಯಲ್ಲಿ ಕೂತು ನೋಡಬಹುದಾದರೆ ಗಿರಣಿಯ ಕೂಲಿಗಾರನು ಮಳೆಯಲ್ಲಿ ನೆನೆದುಕೊಂಡು ತನ್ನ ಊರಿನ ಬಯಲಿಗೆ ಏಕೆ ಬಂದಾನು? ಅವನು ಬಾರದಿದ್ದರೆ ಟಿಕೀಟಿನ ಹಣವಿಲ್ಲ. ಟಿಕೀಟಿನ ಹಣವಿಲ್ಲದಿದ್ದರೆ ಊರಿನ ಕ್ಲಬ್ಬೂ ಇಲ್ಲ.

ಈ ಕಟ್ಟಳೆಯನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಮಾರುಕಟ್ಟೆಯೇ ದೇವರೆಂದು ಲೋಕಕ್ಕೆಲ್ಲ ಉಪದೇಶ ಮಾಡುವ ದೇಶವು ತನ್ನ ಸಣ್ಣ ಊರುಗಳ ಆಟದ ಬಯಲು ಉಳಿಯಲೆಂದು ವಾರಕ್ಕೆ ಎರಡೂವರೆ ಗಂಟೆ ಕಾಲ ಆ ದೇವರ ಗುಡಿಯ ಬಾಗಿಲನ್ನು ಹಾಕುತ್ತದೆ. ಆದರೆ ಹಾಕುವುದು ಒಳನಾಡಿನ ಕಡೆಯ ಬಾಗಿಲನ್ನು ಮಾತ್ರ. ಹೊರನಾಡಿನ ಕಡೆಯ ಬಾಗಿಲು ಅದೇ ಗಳಿಗೆಯಲ್ಲಿ ಅಗಲವಾಗಿ ತೆರೆದಿರುತ್ತದೆ. ಬರ್ನ್ಲಿಯವನು ಮನೆಯಲ್ಲಿ ಕೂತು ನೋಡಲಾರದ ಪಂದ್ಯವನ್ನು ಆಕ್ರಾದವನೂ ಲಾಗೋಸಿನವನೂ ನಮ್ಮ ಬೆಂಗಳೂರಿನವನೂ ಆ ಕ್ಷಣವೇ ನೋಡಬಹುದು.

ಆಕ್ರಾ ಎಂಬುದು ಘಾನಾ ದೇಶದ ರಾಜಧಾನಿ. ಲಂಡನ್ನಿನ ಗ್ರೀನಿಚ್ಚಿನ ಮೇಲೆ ಎಳೆದ ರೇಖೆಯು ಆಕ್ರಾದ ಪಕ್ಕದ ತೇಮಾ ಬಂದರಿನ ಮೇಲೆಯೇ ಹಾದುಹೋಗುತ್ತದೆ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಗಳಿಗೆ ಒಂದು ನಿಮಿಷದ ವ್ಯತ್ಯಾಸವೂ ಇರುವುದಿಲ್ಲ. ಲಂಡನ್ನಿನಲ್ಲಿ ಮೂರು ಗಂಟೆಯಾದಾಗ ಆಕ್ರಾದಲ್ಲಿಯೂ ಮೂರು ಗಂಟೆ. ಘಾನಾದ ಊರುಗಳಲ್ಲಿ ವಾರದ ಕೊನೆಯ ಆಟಗಳು ಶುರುವಾಗುವುದೂ ಆ ವೇಳೆಗೇ. ಇಂಗ್ಲೆಂಡಿನವರು ತಮ್ಮ ಬಯಲಿಗೆ ಯಾವ ಹೊತ್ತಿನಲ್ಲಿ ನೆರಳು ಕಟ್ಟಿಕೊಂಡರೋ ಆ ಹೊತ್ತಿನಲ್ಲಿಯೇ ಬೇರೆಯವರ ಬಯಲಿನ ಮೇಲೆ ಬಿಸಿಲು ಬಿಟ್ಟರು.

ಇದನ್ನು ನಮ್ಮ ಪತ್ರಿಕೆಯ ವಾಚಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಪ್ರಶ್ನೆಯ ಮೇಲೆಯೇ. ಗೇಣಿ ಅಳೆದುಕೊಳ್ಳುವಾಗ ಧಣಿಯ ಕೊಳಗವೇ ದೊಡ್ಡದು. ತನ್ನವರಿಗೊಂದು ಅಳತೆ, ಪರರಿಗೊಂದು ಅಳತೆ ಎಂಬ ನ್ಯಾಯ ಹೊಲದಲ್ಲಿದ್ದರೂ ಅದೇ, ಆಟದ ಬಯಲಿನಲ್ಲಿದ್ದರೂ ಅದೇ.

ಘಾನಾ ದೇಶಕ್ಕೆ ಫುಟ್‌ಬಾಲು ನಿನ್ನೆ ಮೊನ್ನೆ ಟೆಲಿವಿಷನ್ನಿನಿಂದ ಇಳಿದು ಬಂದದ್ದಲ್ಲ. ಆಕ್ರಾದ ಹಾರ್ಟ್ಸ್ ಆಫ್ ಓಕ್ ಕ್ಲಬ್ಬು ಹುಟ್ಟಿದ್ದು ೧೯೧೧ರಲ್ಲಿ. ಕುಮಾಸಿ ಪಟ್ಟಣದ ಅಶಾಂಟೆ ಕೊಟೊಕೊ ಕ್ಲಬ್ಬು ೧೯೩೫ರದು. ಅದರ ಲಾಂಛನ ಮುಳ್ಳುಹಂದಿ. ದೇಶವು ಸ್ವತಂತ್ರವಾದದ್ದು ೧೯೫೭ರಲ್ಲಿ, ಇಡೀ ಆಫ್ರಿಕ ಖಂಡದ ಬಹುಮಾನವನ್ನು ಅದರ ರಾಷ್ಟ್ರೀಯ ತಂಡ ಗೆದ್ದದ್ದು ೧೯೬೩ರಲ್ಲಿ, ಮತ್ತೆ ೧೯೬೫ರಲ್ಲಿ. ಆಫ್ರಿಕದ ಕ್ಲಬ್ಬುಗಳಿಗೆಲ್ಲ ಹಿರಿಯದೆನ್ನುವ ಕಪ್ಪನ್ನು ಕೊಟೊಕೊ ೧೯೭೦ರಲ್ಲಿಯೂ ೧೯೮೩ರಲ್ಲಿಯೂ ತಂದಿತು. ಹಾರ್ಟ್ಸ್ ೨೦೦೦ದಲ್ಲಿ ತಂದಿತು. ಅಂಥ ದೇಶದಲ್ಲಿ ಇಂದು ಟ್ರೋಟ್ರೋ ಎಂಬ ಬಾಡಿಗೆ ವ್ಯಾನುಗಳ ಹಿಂಬದಿಯ ಗಾಜಿನ ಮೇಲೆ ಚೆಲ್ಸಿ, ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ಡುಗಳ ಹೆಸರು ಅಂಟಿಸಿದೆ. ಟೆಲಿವಿಷನ್ ಇಟ್ಟು, ಬೆಂಚು ಹಾಕಿ, ಕಾಸು ತೆಗೆದುಕೊಂಡು ಪಂದ್ಯ ತೋರಿಸುವ ಅಂಗಡಿಗಳಿವೆ. ಇಂದು ಯಾವ ಯಾವ ಆಟ, ಎಷ್ಟು ಗಂಟೆಗೆ ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ಹೊರಗೆ ಇಡುತ್ತಾರೆ. ಬರೆದ ಹೆಸರುಗಳು ಬಹುಮಟ್ಟಿಗೆ ಇಂಗ್ಲೆಂಡಿನವು, ಸ್ಪೇನಿನವು.

ಇದು ಗುಲಾಮಗಿರಿಯ ಬುದ್ಧಿ, ಬಿಳಿಯರು ಹೋದರೂ ಬಿಳಿಯರ ಮೋಹ ಹೋಗಲಿಲ್ಲ ಎಂದು ಹೇಳಿಬಿಡುವ ಗೆಳೆಯರು ನಮ್ಮಲ್ಲಿದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಇಂಗ್ಲಿಷನ್ನು ಆಡಳಿತದ ಗದ್ದುಗೆಯಿಂದ ಇಳಿಸಿರಿ ಎಂದವರು ಷೇಕ್ಸ್‌ಪಿಯರನನ್ನು ಓದಬೇಡಿರೆಂದು ಎಂದೂ ಹೇಳಲಿಲ್ಲ. ಆಕ್ರಾದ ಹುಡುಗನು ಚೆಲ್ಸಿಯನ್ನು ಪ್ರೀತಿಸಿದ್ದಕ್ಕೆ ಕಾರಣವಿದೆ. ಆಕ್ರಾದ ಬಯಲುಗಳಲ್ಲಿ ಆಡಿ ಬೆಳೆದ ಮೈಕೆಲ್ ಎಸ್ಸಿಯನ್ ೨೦೦೫ರಲ್ಲಿ ಚೆಲ್ಸಿಗೆ ಹೋದನು. ಪಕ್ಕದ ಐವರಿ ಕೋಸ್ಟಿನ ದಿದಿಯೆ ದ್ರೋಗ್ಬಾ ಅದಕ್ಕೆ ಹಿಂದಿನ ವರ್ಷವೇ ಅಲ್ಲಿದ್ದನು. ನೈಜೀರಿಯದ ಕಾನು ೧೯೯೯ರಲ್ಲಿ ಆರ್ಸೆನಲ್ ಸೇರಿದ್ದನು. ಮನೆಯ ಮಗನು ದುಡಿಯಲು ಪರವೂರಿಗೆ ಹೋದರೆ ಆ ಊರಿನ ಸುದ್ದಿ ಮನೆಯಲ್ಲಿ ದಿನಾ ಬರುವುದಿಲ್ಲವೆ? ಜನರ ಕಣ್ಣು ತಮ್ಮವರ ಬೆನ್ನ ಹಿಂದೆ ಹೋಯಿತು, ಅಷ್ಟೆ.

ಸ್ವದೇಶದ ಆಟವು ಸೊರಗಿದ್ದಕ್ಕೆ ಟೆಲಿವಿಷನ್ ಒಂದೇ ಕಾರಣವೆಂದು ಹೇಳಿದರೆ ಅದೂ ಸುಳ್ಳಾದೀತು. ೨೦೦೧ರ ಮೇ ೯ರಂದು ಆಕ್ರಾದ ಕ್ರೀಡಾಂಗಣದಲ್ಲಿ ಹಾರ್ಟ್ಸ್ ಮತ್ತು ಕೊಟೊಕೊ ಆಡುತ್ತಿದ್ದಾಗ ಗಲಾಟೆಯೆದ್ದು, ಪೋಲೀಸರು ಅಶ್ರುವಾಯು ಸಿಡಿಸಿ, ನೂಕುನುಗ್ಗಲಿನಲ್ಲಿ ೧೨೬ ಮಂದಿ ಸತ್ತರು. ಆಮೇಲೆ ಎಷ್ಟು ತಾಯಂದಿರು ಮಗನನ್ನು ಆಟಕ್ಕೆ ಕಳಿಸಿಯಾರು? ೨೦೧೮ರಲ್ಲಿ ಪತ್ರಕರ್ತನೊಬ್ಬನು ಗುಪ್ತವಾಗಿ ತೆಗೆದ ಚಿತ್ರದಲ್ಲಿ ಅಂಪೈರುಗಳೂ ಅಧಿಕಾರಿಗಳೂ ದುಡ್ಡು ತೆಗೆದುಕೊಳ್ಳುವುದು ಕಂಡುಬಂದು, ದೇಶದ ಫುಟ್‌ಬಾಲ್ ಸಂಘದ ಅಧ್ಯಕ್ಷನು ರಾಜೀನಾಮೆ ಕೊಡಬೇಕಾಯಿತು, ಲೀಗೇ ನಿಂತುಹೋಯಿತು. ತನ್ನ ಮನೆಯ ಕಳ್ಳರನ್ನು ಬಿಟ್ಟು ಪರದೇಶಿಯನ್ನು ಮಾತ್ರ ಬೈಯುವುದು ಸಮಾಜವಾದಿಯ ಕೆಲಸವಲ್ಲ.

ಪರದೇಶದ ಕ್ಲಬ್ಬನ್ನು ಪ್ರೀತಿಸಿದ ಮಾತ್ರಕ್ಕೆ ಊರಿನ ಕ್ಲಬ್ಬು ಸಾಯಬೇಕಾಗಿಲ್ಲ ಎಂಬುದಕ್ಕೆ ನಾರ್ವೆ ದೇಶವೇ ಸಾಕ್ಷಿ. ಇಂಗ್ಲಿಷ್ ಫುಟ್‌ಬಾಲಿನ ಹುಚ್ಚು ಅಲ್ಲಿರುವಷ್ಟು ಎಲ್ಲಿಯೂ ಇಲ್ಲವೆನ್ನಬೇಕು. ಆ ಹುಚ್ಚು ಹತ್ತಿದ ಬಗೆಯೂ ವಿಚಿತ್ರವಾಗಿದೆ. ಚಳಿಗಾಲದಲ್ಲಿ ಅಲ್ಲಿಯ ಬಯಲುಗಳು ಹಿಮದ ಕೆಳಗೆ ಹೂತುಹೋಗುತ್ತವೆ, ಆಟವಿಲ್ಲ. ಸರ್ಕಾರದ್ದೇ ಆದ ಪಂದ್ಯ ಊಹಿಸುವ ಚೀಟಿಯ ಸಂಸ್ಥೆಯೊಂದಿದೆ. ಚಳಿಗಾಲದ ಚೀಟಿಯ ಮೇಲೆ ಅಚ್ಚು ಹಾಕಲು ಅದಕ್ಕೆ ಪಂದ್ಯಗಳು ಬೇಕು, ಆದ್ದರಿಂದ ಇಂಗ್ಲೆಂಡಿನವನ್ನು ಹಾಕಿದರು. ಹೀಗೆ ನಾರ್ವೆಯ ಮೀನುಗಾರನಿಗೆ ವುಲ್ವರ್‌ಹ್ಯಾಂಪ್ಟನ್ ಎಂಬ ಊರನ್ನು ನೋಡುವ ಮೊದಲೇ ಅದರ ಹೆಸರು ಬಾಯಿಪಾಠವಾಯಿತು. ೧೯೬೯ರ ನವೆಂಬರ್ ೨೯ರಂದು ವುಲ್ವರ್‌ಹ್ಯಾಂಪ್ಟನ್ನಿನವರು ಸಂಡರ್ಲೆಂಡಿನವರೊಡನೆ ಆಡಿದ್ದನ್ನು ಅಲ್ಲಿಯ ಸಾರ್ವಜನಿಕ ಟೆಲಿವಿಷನ್ ನೇರವಾಗಿ ತೋರಿಸಿತು. ಅಂದಿನಿಂದ ಶನಿವಾರವೆಂದರೆ ಅಲ್ಲಿಯ ಮನೆಮನೆಯಲ್ಲಿ ಇಂಗ್ಲಿಷ್ ಪಂದ್ಯ. ಇಂದು ನಾರ್ವೆಯ ಜನ ವಿಮಾನ ಹತ್ತಿ ಲಿವರ್‌ಪೂಲಿಗೆ ಹೋಗಿ ಆಟ ನೋಡಿ ಬರುತ್ತಾರೆ.

ಆದರೂ ನಾರ್ವೆಯ ಕ್ಲಬ್ಬುಗಳು ಬದುಕಿವೆ. ಅವರ ಲೀಗು ವಸಂತದಲ್ಲಿ ಆರಂಭವಾಗಿ ಹಿಮ ಬೀಳುವ ಮೊದಲು ಮುಗಿಯುತ್ತದೆ. ಇಂಗ್ಲೆಂಡಿನ ಋತುವಿಗೂ ಅದಕ್ಕೂ ಅಷ್ಟಾಗಿ ಡಿಕ್ಕಿಯಿಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕ್ಲಬ್ಬಿನ ಒಡೆತನ ಅಲ್ಲಿ ಸದಸ್ಯರದು. ಸಾಹುಕಾರನೊಬ್ಬನು ಬಂದು ಅದನ್ನು ಕೊಂಡುಕೊಂಡು ಹೋಗುವಂತಿಲ್ಲ. ಉತ್ತರ ಧ್ರುವವೃತ್ತಕ್ಕೂ ಆಚೆಗಿರುವ ಬೋಡೊ ಎಂಬುದು ಐವತ್ತು ಸಾವಿರಕ್ಕೆ ತುಸು ಮೇಲ್ಪಟ್ಟ ಜನರ ಊರು. ೨೦೨೧ರ ಅಕ್ಟೋಬರಿನಲ್ಲಿ ಆ ಊರಿನ ಬೋಡೊ ಗ್ಲಿಮ್ಟ್ ಕ್ಲಬ್ಬು ಇಟಲಿಯ ರೋಮಾವನ್ನು ಆರು ಗೋಲುಗಳಿಂದ ಹೊಡೆಯಿತು. ರೋಮಾದವರು ಹೊಡೆದದ್ದು ಒಂದು. ೨೦೨೫ರಲ್ಲಿ ಅದೇ ಕ್ಲಬ್ಬು ಯುರೋಪಾ ಲೀಗಿನ ಸೆಮಿಫೈನಲ್ ತನಕ ಬಂದು ಲಂಡನ್ನಿನ ಟಾಟನ್‌ಹ್ಯಾಮಿಗೆ ಸೋತಿತು. ಶನಿವಾರ ಇಂಗ್ಲೆಂಡಿನ ಆಟ ನೋಡಿ ಭಾನುವಾರ ತನ್ನ ಕ್ಲಬ್ಬಿನ ಸಭೆಯಲ್ಲಿ ಕೈಯೆತ್ತಿ ವೋಟು ಹಾಕುವವನಿಗೆ ಪರದೇಶದ ಪ್ರೀತಿಯಿಂದ ಯಾವ ಕೇಡೂ ಇಲ್ಲ. ಕೇಡಿರುವುದು ಆ ಸಭೆಯೇ ಇಲ್ಲದ ಕಡೆ.

ಇನ್ನು ಹಣದ ವಿಚಾರ. ಇಂಗ್ಲೆಂಡಿನ ಪ್ರೀಮಿಯರ್ ಲೀಗು ೧೯೯೨ರಲ್ಲಿ ಶುರುವಾದದ್ದೇ ಟೆಲಿವಿಷನ್ ಹಣದ ಪಾಲಿಗಾಗಿ. ೨೦೨೨ರಿಂದ ೨೦೨೫ರ ವರೆಗಿನ ಮೂರು ಋತುಗಳಿಗೆ ಹೊರದೇಶಗಳ ಪ್ರಸಾರದಿಂದ ಬರುವ ಹಣವು ೫೦೦ ಕೋಟಿ ಪೌಂಡನ್ನು ಮೀರಿ, ಸ್ವದೇಶದ ಪ್ರಸಾರದ ಹಣಕ್ಕಿಂತ ಹೆಚ್ಚಾಯಿತು. ಅಂದರೆ ಇಂಗ್ಲಿಷ್ ಫುಟ್‌ಬಾಲಿನ ಬೊಕ್ಕಸವನ್ನು ತುಂಬುವುದರಲ್ಲಿ ಇಂಗ್ಲೆಂಡಿನವರಿಗಿಂತ ಹೊರಗಿನವರದೇ ಮೇಲುಗೈ. ೨೦೧೯ರ ತನಕ ಈ ಹೊರನಾಡ ಹಣವನ್ನು ೨೦ ಕ್ಲಬ್ಬುಗಳು ಸಮನಾಗಿ ಹಂಚಿಕೊಳ್ಳುತ್ತಿದ್ದುವು. ಆಮೇಲೆ ಅದರ ಹೆಚ್ಚಳದಲ್ಲಿ ಮೇಲಿನ ಸ್ಥಾನದವರಿಗೆ ದೊಡ್ಡ ಪಾಲು ಬರುವಂತೆ ದೊಡ್ಡವರು ಮಾಡಿಕೊಂಡರು. ಇಂಗ್ಲೆಂಡಿನ ಕೆಳದರ್ಜೆಯ ಕ್ಲಬ್ಬುಗಳಿಗೂ ಲೀಗಿನ ಆದಾಯದಲ್ಲಿ ಒಂದು ಭಾಗ ಹೋಗುತ್ತದೆ. ಅದಕ್ಕೆ ಸಾಲಿಡಾರಿಟಿ, ಎಂದರೆ ಒಗ್ಗಟ್ಟಿನ ಹಣ, ಎಂದು ಹೆಸರಿಟ್ಟಿದ್ದಾರೆ. ಒಳ್ಳೆಯ ಹೆಸರು, ನಮ್ಮ ಚಳವಳಿಯಿಂದಲೇ ತೆಗೆದುಕೊಂಡದ್ದು. ಆದರೆ ಆ ಒಗ್ಗಟ್ಟು ಡೋವರಿನ ಕಡಲ ದಂಡೆಯಲ್ಲಿ ನಿಂತುಬಿಡುತ್ತದೆ.

ಆಟಗಾರನ ವಿಷಯದಲ್ಲಿ ಅಲ್ಪಸ್ವಲ್ಪ ನ್ಯಾಯ ಆಗಲೇ ಬಂದಿದೆ. ಒಬ್ಬ ಆಟಗಾರನನ್ನು ದೇಶದಿಂದ ದೇಶಕ್ಕೆ ಒಂದು ಕ್ಲಬ್ಬು ಇನ್ನೊಂದಕ್ಕೆ ಕೊಟ್ಟಾಗ ಆ ಬೆಲೆಯಲ್ಲಿ ನೂರಕ್ಕೆ ೫ರಷ್ಟನ್ನು ಅವನನ್ನು ಹನ್ನೆರಡರಿಂದ ಇಪ್ಪತ್ತಮೂರನೆಯ ವಯಸ್ಸಿನ ವರೆಗೆ ಸಾಕಿ ಕಲಿಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ೨೦೦೧ರಲ್ಲಿ ಫೀಫಾ ಕಾಯಿದೆ ಮಾಡಿತು. ಆಡುವವನನ್ನು ಬೆಳೆಸಿದ ಬಯಲಿಗೆ ಪಾಲು ಸಲ್ಲಬೇಕಾದರೆ ನೋಡುವವನನ್ನು ಬೆಳೆಸಿದ ಬಯಲಿಗೆ ಏಕೆ ಸಲ್ಲಬಾರದು? ಆಟದ ರುಚಿಯನ್ನು ಘಾನಾದ ಜನಕ್ಕೆ ಕಲಿಸಿದ್ದು ಲಂಡನ್ನಲ್ಲ. ಹಾರ್ಟ್ಸ್, ಕೊಟೊಕೊಗಳು ನೂರು ವರ್ಷದಿಂದ ಕಲಿಸಿದುವು. ಆ ರುಚಿಯನ್ನು ಇಂದು ಪರರು ಕೊಯ್ದು ಒಯ್ಯುತ್ತಿದ್ದಾರೆ. ಆದ್ದರಿಂದ, ಒಂದು ದೇಶದಲ್ಲಿ ಪ್ರಸಾರ ಮಾಡುವ ಹಕ್ಕಿಗೆ ಪರದೇಶದ ಲೀಗು ಎಷ್ಟು ಹಣ ಪಡೆಯುತ್ತದೋ ಅದರಲ್ಲಿ ಹತ್ತನೆಯ ಒಂದು ಪಾಲು ಆ ದೇಶದ ಊರುಕ್ಲಬ್ಬುಗಳಿಗೆ ಸಲ್ಲಬೇಕು; ಅದೂ ಸಂಘದ ಅಧಿಕಾರಿಗಳ ಕೈಗಲ್ಲ, ಸದಸ್ಯರ ಸಭೆಯಿರುವ ಕ್ಲಬ್ಬುಗಳಿಗೆ. ಮತ್ತು ಬರ್ನ್ಲಿಗೆ ಇರುವ ಎರಡೂವರೆ ಗಂಟೆಯ ನೆರಳು ಬೇಕೆನ್ನುವ ದೇಶಕ್ಕೂ ಸಿಗಬೇಕು.

ಇದು ಆಗಹೋಗುವ ಮಾತೇ ಎಂದು ಕೇಳುವವರು ೧೯೬೬ನ್ನು ನೆನೆಯಲಿ. ಆ ವರ್ಷದ ವಿಶ್ವಕಪ್ಪು ಇಂಗ್ಲೆಂಡಿನಲ್ಲಿಯೇ ನಡೆಯಿತು. ಇಡೀ ಆಫ್ರಿಕಕ್ಕೆ ತನ್ನದೆಂಬ ಒಂದು ಸ್ಥಾನವೂ ಅದರಲ್ಲಿ ಇರಲಿಲ್ಲ. ಏಷ್ಯದವರೊಡನೆ ಸೆಣಸಿ ಉಳಿದವರಿಗೆ ಒಂದು, ಅಷ್ಟೆ. ಎನ್‌ಕ್ರೂಮಾ ಅವರ ಘಾನಾ ಮುಂದಾಳಾಗಿ ನಿಂತು, ಆಫ್ರಿಕದ ರಾಷ್ಟ್ರಗಳು ಒಟ್ಟಾಗಿ ಆ ಕಪ್ಪನ್ನು ಬಹಿಷ್ಕರಿಸಿದುವು. ೧೯೭೦ರ ಕಪ್ಪಿಗೆ ಆಫ್ರಿಕಕ್ಕೆ ನೇರ ಸ್ಥಾನ ಬಂತು. ಬೇಡಿದ್ದರಿಂದ ಬಂದದ್ದಲ್ಲ.

ಇಂಗ್ಲೆಂಡಿನ ದುಡಿಯುವ ಜನರು ನಮ್ಮ ಎದುರಾಳಿಗಳೆಂದು ಯಾರೂ ತಿಳಿಯಬಾರದು. ೨೦೦೮ರಲ್ಲಿ ಪ್ರೀಮಿಯರ್ ಲೀಗು ತನ್ನ ಒಂದು ಸುತ್ತಿನ ಪಂದ್ಯಗಳನ್ನು ಹೊರದೇಶಗಳಲ್ಲಿ ಆಡಿಸುವ ಹಂಚಿಕೆ ಹಾಕಿದಾಗ ಅದನ್ನು ಎದುರಿಸಿದವರಲ್ಲಿ ಅವರೇ ಮೊದಲಿಗರು. ೨೦೨೧ರ ಏಪ್ರಿಲಿನಲ್ಲಿ ಯುರೋಪಿನ ಹನ್ನೆರಡು ದೊಡ್ಡ ಕ್ಲಬ್ಬುಗಳು ತಮ್ಮದೇ ಪ್ರತ್ಯೇಕ ಲೀಗು ಕಟ್ಟುತ್ತೇವೆಂದು ಸಾರಿದಾಗ ಅಭಿಮಾನಿಗಳು ಕ್ರೀಡಾಂಗಣದ ಗೇಟಿನ ಮುಂದೆ ನಿಂತರು. ಮೂರು ದಿನಗಳೊಳಗೆ ಆ ಕಟ್ಟಡ ಕುಸಿಯಿತು. ಸ್ಪೇನಿನ ಲೀಗು ವಿಯಾರಿಯಾಲ್ ಮತ್ತು ಬಾರ್ಸಿಲೋನಾ ಕ್ಲಬ್ಬುಗಳ ಪಂದ್ಯವನ್ನು ಅಮೆರಿಕದ ಮಯಾಮಿಗೆ ಒಯ್ಯಲು ಹೊರಟಾಗ ಆಟಗಾರರೇ ಪಂದ್ಯಗಳ ಆರಂಭದಲ್ಲಿ ಆಡದೆ ಸುಮ್ಮನೆ ನಿಂತು ಪ್ರತಿಭಟಿಸಿದರು. ೨೦೨೫ರ ಅಕ್ಟೋಬರಿನಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ಪ್ರತಿಸಲವೂ ಧಣಿಗಳು ಕೊಡುವ ನೆಪ ಒಂದೇ: ದೂರದ ಅಭಿಮಾನಿಗಳಿಗಾಗಿ ಮಾಡುತ್ತಿದ್ದೇವೆ, ಎಂದು. ಆಕ್ರಾದವನ ಹೆಸರು ಹೇಳಿ ಲಿವರ್‌ಪೂಲಿನವನ ಬಾಯಿ ಮುಚ್ಚಿಸುವುದು, ಲಿವರ್‌ಪೂಲಿನವನ ಸಂಪ್ರದಾಯದ ಹೆಸರು ಹೇಳಿ ಆಕ್ರಾದವನಿಂದ ಕಾಸು ಕೀಳುವುದು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ನಮ್ಮ ನಾಡಿನ ಸಂಗತಿಯೂ ಇದಕ್ಕೆ ಹೊರತಲ್ಲ. ಬ್ರಿಟಿಷ್ ಪಲ್ಟಣಗಳದೇ ದರ್ಬಾರಾಗಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನದು, ಬ್ಯಾಂಗಲೂರ್ ಮುಸ್ಲಿಮ್ಸ್, ೧೯೩೭ರಲ್ಲಿ. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು ೧೯೬೮-೬೯ರಲ್ಲಿ. ಐವತ್ತನಾಲ್ಕು ವರ್ಷಗಳಾದ ಮೇಲೆ, ೨೦೨೩ರ ಮಾರ್ಚಿಯಲ್ಲಿ, ಕರ್ನಾಟಕವು ಮೇಘಾಲಯವನ್ನು ೩-೨ರಿಂದ ಸೋಲಿಸಿ ಅದನ್ನು ಮತ್ತೆ ಪಡೆಯಿತು. ಆಟ ನಡೆದದ್ದೆಲ್ಲಿ? ಸೌದಿ ಅರೇಬಿಯದ ರಿಯಾಧಿನಲ್ಲಿ. ನಮ್ಮ ಹುಡುಗರು ಗೆದ್ದದ್ದನ್ನು ಆಸ್ಟಿನ್ ಟೌನಿನವರು ಬಸ್ಸಿನಲ್ಲಿ ಹೋಗಿ ನೋಡುವಂತಿರಲಿಲ್ಲ.

ಬೆಂಗಳೂರಿನ ಇಂದಿನ ದೊಡ್ಡ ಕ್ಲಬ್ಬು ಉಕ್ಕಿನ ಕಂಪನಿಯೊಂದರ ಸ್ವತ್ತು. ೨೦೧೩ರಲ್ಲಿ ಹುಟ್ಟಿ, ಮೊದಲನೆಯ ಋತುವಿನಲ್ಲಿಯೇ ಭಾರತದ ಲೀಗನ್ನು ಗೆದ್ದ ಕ್ಲಬ್ಬು. ಅದರ ಆಟಕ್ಕೆ ಹಾಡಿಕೊಂಡು ಹೋಗುವ ಯುವಕರನ್ನು ಕಂಡವರಿಗೆ ಈ ಊರಿನಲ್ಲಿ ಪ್ರೀತಿಗೆ ಬರವಿದೆಯೆಂದು ಅನಿಸದು. ಆದರೆ ಆ ಯುವಕರಿಗೆ ಅಲ್ಲಿ ವೋಟಿಲ್ಲ. ದೇಶದ ಲೀಗನ್ನು ನಡೆಸುವ ಹಕ್ಕನ್ನು ಹದಿನೈದು ವರ್ಷ ಒಂದು ಕಂಪನಿಗೆ ಬರೆದುಕೊಟ್ಟಿದ್ದ ಕರಾರು ೨೦೨೫ರ ಕೊನೆಗೆ ಮುಗಿಯುತ್ತಿತ್ತು. ಹೊಸ ಕರಾರು ಆಗಲಿಲ್ಲವೆಂದು ಜುಲೈ ತಿಂಗಳಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟ್ ೪ರಂದು ಬೆಂಗಳೂರಿನ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅದಾದ ಹನ್ನೊಂದು ದಿನಗಳಿಗೆ, ನಮ್ಮ ಸ್ವಾತಂತ್ರ್ಯ ದಿನದ ರಾತ್ರಿ ಕಳೆದು ಹನ್ನೆರಡೂವರೆ ಗಂಟೆಗೆ, ಲಿವರ್‌ಪೂಲಿನಲ್ಲಿ ಇಂಗ್ಲೆಂಡಿನ ಹೊಸ ಋತು ಹೇಳಿದ ವೇಳೆಗೆ ಸರಿಯಾಗಿ ಶುರುವಾಯಿತು. ಬೆಂಗಳೂರಿನ ಮನೆಗಳಲ್ಲಿ ದೀಪ ಹಚ್ಚಿಕೊಂಡು ಜನ ಅದನ್ನು ನೋಡಿದರು.