ದೋಣಿ ಗಾಳಿಗೆ ತಿರುಗಿದರೆ ಚುಕ್ಕಾಣಿ ಜೊತೆ ಜಗಳ ಬೇಡ

ಕಾಲೇಜಿನಲ್ಲಿ ಎನ್‌ಸಿಸಿ ನೌಕಾ ವಿಭಾಗ ಸೇರಿದ ಹಳ್ಳಿ ಹುಡುಗ ಹುಡುಗಿಯರಿಗೆ ಹಾಯಿದೋಣಿ ನಡೆಸುವ ಅವಕಾಶ ಸಿಗುತ್ತದೆ. ಗಾಡಿ, ಟ್ರ್ಯಾಕ್ಟರ್ ಓಡಿಸಿ ಗೊತ್ತಿರುವ ಕೈಗೆ ಮೊದಲ ಸಲ ಚುಕ್ಕಾಣಿ ಬರುತ್ತದೆ. ಆಮೇಲೆ ಬರುವ ದೂರು ಹೆಚ್ಚಾಗಿ ಒಂದೇ: ‘ಗಾಳಿ ಜೋರಾದ ಕೂಡಲೇ ದೋಣಿ ಮಾತು ಕೇಳಲ್ಲ, ತಾನೇ ಗಾಳಿ ಕಡೆ ತಿರುಗಿಬಿಡುತ್ತೆ.’ ಅದಕ್ಕೆ ಸಿಗುವ ಸಲಹೆಯೂ ಒಂದೇ: ‘ಗಟ್ಟಿಯಾಗಿ ಎಳೆದು ಹಿಡಿ.’

ಈ ಸಲಹೆಯೇ ತಪ್ಪು. ಮೊದಲ ದಿನ ಕಲಿಸಬೇಕಾದ್ದು ಚುಕ್ಕಾಣಿ ಎಳೆಯುವುದನ್ನಲ್ಲ, ಹಾಯಿಯ ಹಗ್ಗ ಬಿಡುವುದನ್ನು.

ಯಾಕೆ ಅಂತ ಹೇಳುವ ಮೊದಲು ದೋಣಿಯ ಪರಿಚಯ. ಎನ್‌ಸಿಸಿಯಲ್ಲಿ ಬಳಕೆಯಲ್ಲಿರುವ ಒಂದು ದೋಣಿ ಎಂಟರ್‌ಪ್ರೈಸ್. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು. ಉದ್ದ ಸುಮಾರು 4 ಮೀಟರ್, ಇಬ್ಬರು ಕೂರುತ್ತಾರೆ. ಕಂಬದ ಹಿಂದಿನ ದೊಡ್ಡ ಹಾಯಿ ಮೇನ್, ಮುಂದಿನ ಚಿಕ್ಕದು ಜಿಬ್. ದೋಣಿಯ ನಡುವಿನ ಸೀಳಿನಿಂದ ನೀರಿಗೆ ಇಳಿಯುವ ಹಲಗೆ ಸೆಂಟರ್‌ಬೋರ್ಡ್. ಅದಿಲ್ಲದಿದ್ದರೆ ದೋಣಿ ಪಕ್ಕಕ್ಕೆ ತೇಲಿಹೋಗುತ್ತದೆ. ಹಿಂದೆ ಚುಕ್ಕಾಣಿ, ಅದರ ಹಿಡಿಗೆ ಟಿಲ್ಲರ್ ಅನ್ನುತ್ತಾರೆ.

ಸೆಂಟರ್‌ಬೋರ್ಡನ್ನು ನೀರಲ್ಲಿ ನೆಟ್ಟ ಗೂಟ ಅಂದುಕೊಳ್ಳಿ. ಗೂಟದ ಮುಂದಿರುವ ಜಿಬ್ ದೋಣಿಯ ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುತ್ತದೆ. ಹಿಂದಿರುವ ಮೇನ್ ಹಿಂಭಾಗವನ್ನು ಆಚೆಗೆ ತಳ್ಳುತ್ತದೆ, ಅಂದರೆ ಮೂತಿ ಗಾಳಿಯ ಕಡೆ ಬರುತ್ತದೆ. ಎರಡೂ ಸರಿಸಮ ಇದ್ದಾಗ ದೋಣಿ ನೆಟ್ಟಗೆ ಹೋಗುತ್ತದೆ. ಮೇನ್‌ನ ಜೋರು ಹೆಚ್ಚಾದರೆ ತಿರುಗಲು ನೋಡುತ್ತದೆ. ಇದಕ್ಕೇ ವೆದರ್ ಹೆಲ್ಮ್ ಎಂಬ ಹೆಸರು.

ಆದರೆ ದೊಡ್ಡ ಕಾರಣ ವಾಲುವುದು. ಬಲಗಡೆಯಿಂದ ಗಾಳಿ ಬಂದು ದೋಣಿ ಎಡಕ್ಕೆ ವಾಲಿತು ಅನ್ನಿ. ಆಗ ಹಾಯಿ ದೋಣಿಯನ್ನು ಬಿಟ್ಟು ಎಡಕ್ಕೆ, ನೀರಿನ ಮೇಲೆ ಚಾಚಿಕೊಂಡಿರುತ್ತದೆ. ಅಲ್ಲಿಂದಲೇ ಅದು ದೋಣಿಯನ್ನು ಮುಂದಕ್ಕೆ ಎಳೆಯುತ್ತದೆ. ಜೋಡಿಯಲ್ಲಿ ಎಡದ ಎತ್ತು ಒಂದೇ ಜೋರಾಗಿ ನುಗ್ಗಿದರೆ ಗಾಡಿ ಬಲಕ್ಕೆ ಹೊರಳುವುದಿಲ್ಲವೇ? ಇಲ್ಲೂ ಅದೇ. ಬಲಕ್ಕೆ ಅಂದರೆ ಗಾಳಿಯ ಕಡೆಗೆ.

ಈಗ ಟಿಲ್ಲರ್ ಎಳೆದು ಹಿಡಿದರೆ ಏನಾಗುತ್ತದೆ? ಸ್ವಲ್ಪ ಎಳೆದರೆ ದೋಣಿ ಕೇಳುತ್ತದೆ. ಇನ್ನೂ ಎಳೆದರೆ ಚುಕ್ಕಾಣಿ ನೀರಿಗೆ ಅಡ್ಡ ನಿಲ್ಲುತ್ತದೆ, ಕಾಲುವೆಗೆ ಹಲಗೆ ಅಡ್ಡ ಇಟ್ಟ ಹಾಗೆ. ಆಗ ಅದು ದಿಕ್ಕು ತೋರಿಸುವ ಕೆಲಸ ಬಿಟ್ಟು ಬ್ರೇಕ್ ಆಗುತ್ತದೆ. ಜೊತೆಗೆ ವಾಲಿದ ದೋಣಿಯಲ್ಲಿ ಚುಕ್ಕಾಣಿಯ ಒಂದು ಭಾಗ ನೀರಿನಿಂದ ಮೇಲೆದ್ದಿರುತ್ತದೆ. ಅಷ್ಟರಲ್ಲಿ ಇನ್ನೊಂದು ಬೀಸು ಗಾಳಿ ಬಂದರೆ ಮುಗಿಯಿತು, ಟಿಲ್ಲರ್ ಎದೆಗೆ ಒತ್ತಿ ಹಿಡಿದಿದ್ದರೂ ದೋಣಿ ಗಿರ್ರನೆ ಗಾಳಿಗೆ ತಿರುಗುತ್ತದೆ. ಪಕ್ಕದಲ್ಲಿ ಬೇರೆ ದೋಣಿ ಇದ್ದರೆ ಡಿಕ್ಕಿ. ತಿರುಗುವ ವೇಗಕ್ಕೆ ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಗಳು, ತಲೆಯ ಮಟ್ಟದಲ್ಲಿ ಆಚೆಯಿಂದ ಈಚೆಗೆ ಬೀಸಬಹುದು. ಹೊಸಬರಿಗೆ ಪೆಟ್ಟಾಗುವುದು ಇಂಥ ಹೊತ್ತಿನಲ್ಲೇ.

ಮಾಡಬೇಕಾದ್ದು ಕಷ್ಟದ್ದಲ್ಲ. ಮೇನ್ ಹಗ್ಗ ಸಡಿಲಿಸಿ, ಇಬ್ಬರೂ ಗಾಳಿ ಬರುವ ಬದಿಯ ಅಂಚಿನಲ್ಲಿ ಕೂತು ಮೈ ಹೊರಗೆ ಚಾಚಿ, ದೋಣಿಯನ್ನು ಮಟ್ಟಸಕ್ಕೆ ತನ್ನಿ. ಟಿಲ್ಲರ್ ತಾನೇ ಹಗುರಾಗುತ್ತದೆ. ಇಲ್ಲಿ ಒಂದು ಎಚ್ಚರ: ಗಾಬರಿಯಲ್ಲಿ ಜಿಬ್ ಮಾತ್ರ ಬಿಡಬೇಡಿ. ಮೂತಿಯನ್ನು ಗಾಳಿಯಿಂದ ಆಚೆ ಹಿಡಿದಿರುವುದೇ ಜಿಬ್. ಅದನ್ನು ಬಿಟ್ಟು ಮೇನ್ ಬಿಗಿಯಾಗಿಟ್ಟರೆ ದೋಣಿ ಇನ್ನೂ ಬೇಗ ತಿರುಗುತ್ತದೆ.

ಬೀಸು ಗಾಳಿ ಹೇಳದೆ ಬರುವುದೂ ಅಪರೂಪ. ಊರ ಕೆರೆಯ ಏರಿ ಮೇಲೆ ನಿಂತು ನೋಡಿದವರಿಗೆ ಗೊತ್ತು, ನೀರಿನ ಮೇಲೆ ಕಪ್ಪು ತೇಪೆಯೊಂದು ಸರಿದು ಬರುತ್ತದೆ. ಅದು ದೋಣಿ ಮುಟ್ಟುವ ಮುಂಚೆಯೇ ಹಗ್ಗ ಸಡಿಲಿಸಲು ಸಿದ್ಧವಿರಬೇಕು. ವಾಲಿದ ಮೇಲೆ ಮಾಡಿದರೆ ಅರ್ಧ ಕೆಲಸ ಕೆಟ್ಟಿರುತ್ತದೆ.

ಎಷ್ಟು ಮಟ್ಟಸ ಮಾಡಿದರೂ ಎಳೆತ ನಿಲ್ಲದಿದ್ದರೆ ಸೆಂಟರ್‌ಬೋರ್ಡ್ ಸ್ವಲ್ಪ ಎತ್ತಿ. ಎಂಟರ್‌ಪ್ರೈಸ್‌ನಲ್ಲಿ ಅದು ಎತ್ತಿದಾಗ ಹಿಂದಕ್ಕೆ ವಾಲುತ್ತದೆ, ಗೂಟವೇ ಹಿಂದೆ ಸರಿದಂತೆ. ಇನ್ನೊಂದನ್ನು ಯಾರೂ ಹೇಳಿಕೊಡುವುದಿಲ್ಲ: ಚುಕ್ಕಾಣಿಯ ಅಲಗು ಪೂರ್ತಿ ಕೆಳಗಿದೆಯೇ ನೋಡಿ. ಕಟ್ಟಿದ ಹಗ್ಗ ಸಡಿಲಾಗಿ ಅಲಗು ಹಿಂದಕ್ಕೆ ಮೇಲೆದ್ದಿದ್ದರೆ ಟಿಲ್ಲರ್ ಕಲ್ಲಿನಂತೆ ಭಾರವಾಗುತ್ತದೆ. ಆಗ ದೋಷ ಗಾಳಿಯದ್ದೂ ಅಲ್ಲ, ಹಾಯಿಯದ್ದೂ ಅಲ್ಲ.

ಹಗ್ಗ ಬಿಟ್ಟರೆ ಸ್ಪರ್ಧೆಯಲ್ಲಿ ವೇಗ ಹೋಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ವಾಲಿಕೊಂಡು, ಚುಕ್ಕಾಣಿ ಅಡ್ಡ ಇಟ್ಟುಕೊಂಡು ಹೋಗುವ ದೋಣಿ ನೋಡಲು ರೋಚಕ, ಅಷ್ಟೇ. ಬ್ರೇಕ್ ಹಿಡಿದು ಓಡುವ ಬೈಕ್ ಅದು. ಮಟ್ಟಸವಾಗಿರುವ ದೋಣಿ ಸದ್ದಿಲ್ಲದೆ ಮುಂದೆ ಹೋಗಿರುತ್ತದೆ.

ಹಾಗಂತ ಈ ಎಳೆತವನ್ನು ಪೂರ್ತಿ ಇಲ್ಲವಾಗಿಸುವುದೂ ಬೇಡ. ಸ್ವಲ್ಪ ಇದ್ದರೆ ದೋಣಿ ಏನು ಮಾಡುತ್ತಿದೆ ಅಂತ ಕೈಗೆ ತಿಳಿಯುತ್ತದೆ. ನಡೆಸುವವರು ನೀರಿಗೆ ಬಿದ್ದು ಟಿಲ್ಲರ್ ಕೈತಪ್ಪಿದರೆ, ದೋಣಿ ಗಾಳಿಗೆ ಮೂತಿಕೊಟ್ಟು ನಿಧಾನವಾಗುತ್ತದೆ, ಈಜಿ ಹಿಡಿಯುವಷ್ಟು ಹತ್ತಿರದಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಉಲ್ಟಾ ಗುಣದ ದೋಣಿಯಾದರೆ ಗಾಳಿಗೆ ಬೆನ್ನು ಹಾಕಿ ಓಡುತ್ತದೆ.

ಹಾಗಾಗಿ ತರಬೇತಿ ಕೊಡುವವರಲ್ಲಿ ಒಂದು ಕೋರಿಕೆ. ದೋಣಿ ನೀರಿಗಿಳಿಸುವ ಮೊದಲು ದಡದಲ್ಲೇ, ಗಾಳಿಗೆ ಹಾಯಿ ಬಿಚ್ಚಿ, ಮೇನ್ ಹಗ್ಗವನ್ನು ಕ್ಲೀಟಿನಿಂದ ಬಿಡಿಸುವುದನ್ನು ಇಪ್ಪತ್ತು ಸಲ ಮಾಡಿಸಿ. ಟಿಲ್ಲರ್ ಹಿಡಿಯಲು ಪೂರ್ತಿ ತೋಳು ಬೇಕಾಯಿತು ಅಂದರೆ ಇನ್ನೊಂದು ಕೈ ಹಗ್ಗ ಬಿಡಬೇಕು, ಯೋಚಿಸದೆ.